ಬಸ್ಸಿನ ಉತ್ತರ

"ಕಿಟಕಿಯಿಂದ ಕೈ ಬೀಸಿ ಊರಿಗೆಲ್ಲ ಬೈಯೋ ನಿನ್ನಂಥ ಒರಟರ ಕಾಲ ಮುಗೀತು ಕಣೋ. ನಾಳೆಯಿಂದ ಬರಬೇಡ," ಎಂದು ಮ್ಯಾನೇಜರು ಡ್ರೈವರ್ ಗವಿರಂಗನಿಗೆ ಕಾರಿನಲ್ಲಿ ಕೂತಿದ್ದ ಅತಿಥಿಗಳೆದುರೇ ಅಂದುಬಿಟ್ಟರು. ಕಂಪನಿಯ ಆ ಹೊಸ ಕಾರು ತಾನಾಗಿಯೇ ಓಡುತ್ತಾ, ಬೇರೆ ಗಾಡಿಗಳ ಜೊತೆ ವೈರ್‌ಲೆಸ್ಸಿನಲ್ಲಿ ತಾನೇ ಮಾತಾಡಿ ದಾರಿ ಬಿಡಿಸಿಕೊಳ್ಳುತ್ತಿತ್ತು. ಗವಿರಂಗನಿಗೆ ಸ್ಟೇರಿಂಗ್ ಮುಂದೆ ಕೂರುವುದಷ್ಟೇ ಕೆಲಸ.

ಸರ್ಕಲ್ಲಿನಲ್ಲಿ ವೈರ್‌ಲೆಸ್ಸೇ ಇಲ್ಲದ ಹಳೇ ಸಿಟಿ ಬಸ್ಸೊಂದು ಅಡ್ಡ ಬಂದು ನಿಂತಿತು. 'ಬಸ್ಸಿನ ಉತ್ತರಕ್ಕೆ ಕಾಯುತ್ತಿದ್ದೇನೆ' ಎಂದು ಕಾರಿನ ಪರದೆಯಲ್ಲಿ ಮೂಡಿತು. ಕಾರು ಕಾಯುತ್ತಲೇ ಇತ್ತು. ಹಿಂದೆ ಅರ್ಧ ಊರೇ ಹಾರ್ನ್ ಹೊಡೆಯತೊಡಗಿತು.

ಮ್ಯಾನೇಜರು ಕಿಟಕಿಯಿಂದ ಕೈ ಬೀಸಿ, "ರೀ, ದಯವಿಟ್ಟು ಸ್ವಲ್ಪ ಹಿಂದಕ್ಕೆ ತಗೊಳ್ರಿ," ಎಂದರು. ಬಸ್ ಡ್ರೈವರು ಎಲೆಯಡಿಕೆ ಜಗಿಯುತ್ತಾ ಆಚೆ ನೋಡಿದ.

"ಗವಿರಂಗಪ್ಪಾ, ನೀನೇ ಅವನಿಗೆ ಒಂದೆರಡು ಬೈಯಪ್ಪಾ," ಎಂದರು ಮ್ಯಾನೇಜರು.

ಗವಿರಂಗ ಇಳಿದು, ಬಾಗಿಲು ಮೆತ್ತಗೆ ಹಾಕಿ, ಉತ್ತರ ಕೊಡದೆ ನಡೆದುಬಿಟ್ಟ.