ಇಬ್ಬರ ಪ್ರಣಾಳಿಕೆ, ಒಂದು ಮೋರಿ

"ಆ ಕಡೆ ಇರೋದು ಯಾರದಮ್ಮ?" ಎಂದು ಗುರುಪಾದಪ್ಪನವರು ಕೇಳಿದರು. ಕೇಳುವ ಮೊದಲೇ ಕನ್ನಡಕ ಏರಿಸಿಕೊಂಡು ಅರ್ಧ ಓದಿ ಮುಗಿಸಿದ್ದರು.

ಫರೀದಾ ಕಂಪ್ಯೂಟರಿನಲ್ಲಿ ಎರಡು ಫೈಲುಗಳನ್ನು ಅಕ್ಕಪಕ್ಕ ತೆರೆದಿಟ್ಟಿದ್ದಳು. ಎಡಗಡೆ, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿರುವ ಗುರುಪಾದಪ್ಪನವರ ಪ್ರಣಾಳಿಕೆ. ಬಲಗಡೆ, ಅದೇ ಕುರ್ಚಿಗೆ ನಿಂತಿರುವ ವೆಂಕಟಸ್ವಾಮಿಯವರದು. ಪುಟ್ಟೇನಹಳ್ಳಿಯ ಈ ಭಾಗದಲ್ಲಿ ಕನ್ನಡ ಟೈಪ್ ಮಾಡುವ ಅಂಗಡಿ ಅವಳದೊಂದೇ ಆದ್ದರಿಂದ ಕಡುವೈರಿಗಳಿಬ್ಬರೂ ಅಲ್ಲಿಗೇ ಬರಬೇಕು. ಚುನಾವಣೆಯ ದಿನ, ಸ್ಥಳ, 'ಮಾನ್ಯ ನಿವಾಸಿಗಳೇ' ಎಂಬ ಒಕ್ಕಣೆ ಎಲ್ಲವೂ ಒಂದೇ. ಒಂದರಿಂದ ಕಾಪಿ ಮಾಡಿ ಇನ್ನೊಂದಕ್ಕೆ ಪೇಸ್ಟ್ ಮಾಡಿದರೆ ಬೆರಳಿಗೆ ಕೆಲಸ ಕಡಿಮೆ. ಆಮೇಲೆ ಅಭ್ಯರ್ಥಿಗಳೂ ಅದನ್ನೇ ಕಲಿತರು. ಬಲಗಡೆ ಬಡಾವಣೆಗೊಂದು ಸ್ವಾಗತ ಕಮಾನು ಕಂಡರೆ ಎಡಗಡೆಯವರಿಗೂ ಕಮಾನು ಬೇಕು; ಎಡಗಡೆಯ ಪಾರ್ಕಿನಲ್ಲಿ ಯೋಗ ಮಂಟಪ ಎದ್ದರೆ ಬಲಗಡೆಯ ಪಾರ್ಕಿನಲ್ಲೂ ಏಳಬೇಕು. ಸ್ವಂತ ಬುದ್ಧಿಗೆ ಇಬ್ಬರೂ ತೊಂದರೆ ಕೊಡುವವರಲ್ಲ.

ಇದನ್ನು ನೋಡಿ ನೋಡಿಯೇ ಫರೀದಾಳಿಗೂ ಒಂದು ಆಸೆ ಹುಟ್ಟಿತ್ತು. ಕೆರೆ ರಸ್ತೆಯಲ್ಲಿ ಅವಳ ಅಂಗಡಿಯ ಮುಂದಿನ ಮೋರಿ ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಮಳೆ ಸ್ವಲ್ಪ ಜೋರಾದರೆ ಸಾಕು, ಕೊಚ್ಚೆ ನೀರು ಗಿರಾಕಿಗಿಂತ ಮೊದಲು ಒಳಗೆ ಬರುತ್ತಿತ್ತು. ಹೋದ ಸಲ ಜೆರಾಕ್ಸ್ ಮೆಷಿನ್ ಹಾಳಾಯಿತು. ಈಗ ಕಂಪ್ಯೂಟರನ್ನು ಇಟ್ಟಿಗೆಗಳ ಮೇಲೆ ಕೂರಿಸಿದ್ದಾಳೆ. ಇನ್ನೊಮ್ಮೆ ನೀರು ನುಗ್ಗಿದರೆ ಅಂಗಡಿ ಮುಚ್ಚುವುದೇ ಗತಿ. ಸಂಘಕ್ಕೆ ಹೇಳಿ ಹೇಳಿ ಬಾಯಿ ಒಣಗಿತ್ತು. ಅದಕ್ಕೇ ಬೆಳಿಗ್ಗೆ ವೆಂಕಟಸ್ವಾಮಿಯವರ ಫೈಲಿನಲ್ಲಿ, ಅವರು ಹೇಳದ ಒಂದು ಸಾಲನ್ನು ತಾನೇ ಸೇರಿಸಿಬಿಟ್ಟಿದ್ದಳು: 'ಕೆರೆ ರಸ್ತೆಯ ಮೋರಿ ದುರಸ್ತಿಯೇ ನನ್ನ ಮೊದಲ ಕೆಲಸ.'

"ಮೋರಿ!" ಗುರುಪಾದಪ್ಪನವರು ಆ ಸಾಲಿನ ಮೇಲೆ ಬೆರಳಿಟ್ಟರು. "ಈ ಆಸಾಮಿಗೆ ಇಷ್ಟು ತಲೆ ಎಲ್ಲಿಂದ ಬಂತು? ನಂದ್ರಲ್ಲೂ ಹಾಕಮ್ಮ. ಬೋಲ್ಡ್ ಮಾಡು."

"ಹಾಕ್ತೀನಿ ಸಾರ್," ಎಂದು ಫರೀದಾ ನಗು ನುಂಗಿಕೊಂಡು ಆ ಸಾಲನ್ನು ಎಡಗಡೆಗೂ ತಂದಿಟ್ಟಳು.

ಸಂಜೆ ವೆಂಕಟಸ್ವಾಮಿ ಬಂದರು. ಅವರ ಕಣ್ಣೂ ಮೊದಲು ಹೋದದ್ದು ಪರರ ಫೈಲಿಗೇ.

"ಇದೇನಮ್ಮ, ಅವ್ನೂ ಮೋರಿ ಅಂತಾವ್ನೆ?"

"ನಿಮ್ದ್ರಲ್ಲೂ ಇದೆಯಲ್ಲ ಸಾರ್."

ವೆಂಕಟಸ್ವಾಮಿ ಬಲಗಡೆ ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ತಾವು ಇಂಥ ಒಳ್ಳೆಯ ಮಾತು ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಹಾಗಂತ ಹೇಳಿಲ್ಲವೆಂದು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ.

"ಇಲ್ದೆ ಇರ್ತದಾ! ನಾನೇ ಯೇಳಿ ಬರೆಸಿದ್ದಲ್ವಾ? ಇಂಗೆ ನನ್ನ ಐಡಿಯಾ ಕದೀತಾವ್ನೆ ನೋಡು!"

ಫರೀದಾ ಅಂದು ಹಗುರಾಗಿ ಬಾಗಿಲು ಎಳೆದಳು. ಗೆಲ್ಲುವವರು ಯಾರಾದರೇನು, ಮೋರಿ ಗೆದ್ದಾಯಿತು. ಮನೆಗೆ ಹೋಗುವಾಗ ಆ ದರಿದ್ರ ಮೋರಿಯನ್ನೂ ಒಂದಿಷ್ಟು ಪ್ರೀತಿಯಿಂದಲೇ ನೋಡಿದಳು.

ಮರುದಿನ ಪ್ರಿಂಟ್ ಕೊಡುವ ಹೊತ್ತಿಗೆ ಸರಿಯಾಗಿ ಇಬ್ಬರೂ ಅಂಗಡಿಯಲ್ಲಿ ಮುಖಾಮುಖಿಯಾದರು. ಮೋರಿ ತನ್ನದೆಂದು ಇವರು, ತನ್ನದೆಂದು ಅವರು. ಅಷ್ಟು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದ ಮೋರಿಗೆ ಇದ್ದಕ್ಕಿದ್ದಂತೆ ಇಬ್ಬರು ವಾರಸುದಾರರು.

"ಇಬ್ಬರದ್ರಲ್ಲೂ ಇರ್ಲಿ ಸಾರ್, ಒಳ್ಳೇ ಕೆಲಸ ತಾನೆ?" ಎಂದಳು ಫರೀದಾ.

"ಅದು ಹೇಗಾಗುತ್ತಮ್ಮ? ಇಬ್ರೂ ಒಂದೇ ಹೇಳಿದ್ರೆ ಜನ ಯಾರಿಗೆ ವೋಟ್ ಹಾಕ್ಬೇಕು?" ಎಂದರು ಗುರುಪಾದಪ್ಪನವರು.

ಈ ಮಾತು ವೆಂಕಟಸ್ವಾಮಿಯವರಿಗೂ ಹಿಡಿಸಿತು. "ಅಂಗಾದ್ರೆ ನಿಂಗೂ ಬ್ಯಾಡ, ನಂಗೂ ಬ್ಯಾಡ. ಎರಡ್ರಲ್ಲೂ ತೆಗೆದಾಕಮ್ಮ."

ಫರೀದಾಳ ಕೈ ಮೌಸಿನ ಮೇಲೆಯೇ ನಿಂತಿತು. "ಸಾರ್, ಕಮಾನೂ ಎರಡ್ರಲ್ಲಿದೆ. ಯೋಗ ಮಂಟಪಾನೂ ಇದೆ."

"ಅವು ಇರ್ಲಿ ಬಿಡು. ಕಮಾನು ಕಟ್ಟಿಸಿದ್ರೆ ಮೇಲೆ ಹೆಸರು ಬರೆಸ್ಬಹುದು," ಎಂದರು ಗುರುಪಾದಪ್ಪನವರು.

"ಮೋರಿ ಮ್ಯಾಲೆ ಯಾವನು ಎಸ್ರು ಬರೆಸ್ತಾನೆ?" ಎಂದು ವೆಂಕಟಸ್ವಾಮಿ ದನಿಗೂಡಿಸಿದರು. ಚುನಾವಣೆ ಶುರುವಾದ ಮೇಲೆ ಇಬ್ಬರೂ ಒಮ್ಮತಕ್ಕೆ ಬಂದದ್ದು ಇದೇ ಮೊದಲು.

ಪರದೆಯ ಮೇಲೆ ಒಂದು ಪುಟ ಸರಿಸಿದರೆ ಇನ್ನೊಂದೂ ತಾನಾಗಿ ಸರಿಯುವಂತೆ ಫರೀದಾ ಜೋಡಿಸಿಟ್ಟಿದ್ದಳು. ಎರಡೂ ಒಟ್ಟಿಗೇ ಕೆಳಗಿಳಿದು ಆ ಸಾಲಿನ ಬಳಿ ನಿಂತವು. ಎಡಗಡೆ ಅಳಿಸಿದಳು, ಬಲಗಡೆ ಅಳಿಸಿದಳು. ಹೆಬ್ಬಾಳದ ಕಡೆ ಆಗಲೇ ಮೋಡ ಕಟ್ಟಿತ್ತು.

ಪ್ರಿಂಟಾದ ಕರಪತ್ರಗಳ ಕಟ್ಟು ಎತ್ತಿಕೊಂಡು ಇಬ್ಬರೂ ಹೊರಟರು. ಮೋರಿಗೆ ಅಡ್ಡ ಹಾಕಿದ್ದ ಚಪ್ಪಡಿಯ ಮೇಲೆ ಹೆಜ್ಜೆಯಿಡಲು ಗುರುಪಾದಪ್ಪನವರು ಹಿಂಜರಿದರು. ಮೊದಲೇ ದಾಟಿದ್ದ ವೆಂಕಟಸ್ವಾಮಿ ತಿರುಗಿ ಕೈ ಚಾಚಿದರು.

"ಉಷಾರು ಸ್ವಾಮಿ, ಕಲ್ಲು ಅಲ್ಲಾಡ್ತದೆ."

ಗುರುಪಾದಪ್ಪನವರು ಎದುರಾಳಿಯ ಕೈಯನ್ನು ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಪ್ರಣಾಳಿಕೆಗಳನ್ನು ಕೊಚ್ಚೆ ಸಿಡಿಯದಂತೆ ತಲೆಯ ಮೇಲೆತ್ತಿಕೊಂಡು, ಜೋಪಾನವಾಗಿ ಮೋರಿ ದಾಟಿದರು.