ಮೂಗಿನವರೆಗೆ ಬಂದ ವರ

ಎರಡನೆಯ ಸಲವೂ ವರ ಮೂಗಿನವರೆಗೆ ಬಂದು ನಿಂತುಬಿಟ್ಟ.

"ಇದೇನ್ರೀ ನಂಜುಂಡೇಶ್, ಬೇಕಂತ್ಲೇ ಮಾಡ್ತಾ ಇದ್ದೀರಾ?" ಗಂಗಾಧರಸ್ವಾಮಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ತಿ. ನರಸೀಪುರದಲ್ಲಿ ಬೆಲ್ಲದ ಮಂಡಿ ಇಟ್ಟವರು. ತೂಕದಲ್ಲಿ ಮೋಸ ಎಲ್ಲಿ ನಡೆಯುತ್ತದೆಂದು ಬಲ್ಲವರು. "ಗಂಟೆ ಲೆಕ್ಕದ ಅಂಗಡಿ. ನಿಧಾನ ಆದಷ್ಟೂ ನಿಮಗೇ ಲಾಭ."

ನಂಜುಂಡೇಶ್ ಬಸ್ ಸ್ಟ್ಯಾಂಡ್ ಪಕ್ಕದ ಈ ಸೈಬರ್ ಸೆಂಟರ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಎರಡು ಸಾವಿರದ ಎರಡನೆಯ ಇಸವಿ. ಇಂಟರ್‌ನೆಟ್ಟು ಟೆಲಿಫೋನ್ ತಂತಿಯಲ್ಲಿ ಬರಬೇಕು. ಫೋಟೋ ಎಂದರೆ ಮೇಲಿನಿಂದ ಕೆಳಕ್ಕೆ, ಗೆರೆ ಗೆರೆಯಾಗಿ ಇಳಿಯಬೇಕು.

ವರನ ಹೆಸರು ಮದನ್. ಬಿಳಿಗೆರೆಯವನು, ನಂಜನಗೂಡಿನಲ್ಲಿ ಔಷಧಿ ಅಂಗಡಿ. ಮನೆತನ ಒಪ್ಪಿಗೆಯಾಗಿತ್ತು. ಮುಖ ನೋಡುವುದೊಂದು ಬಾಕಿ. ದಲ್ಲಾಳಿಗೆ ಕೊಟ್ಟ ಫೋಟೋ ಮಳೆಯಲ್ಲಿ ನೆನೆದುಹೋಗಿ, ಹುಡುಗ ಅವಸರದಲ್ಲಿ ಇನ್ನೊಂದನ್ನು ಇ-ಮೇಲ್ ಮಾಡಿದ್ದ. ಸಂಜೆಯೊಳಗೆ ಉತ್ತರ ಹೇಳದಿದ್ದರೆ ಅವನ ಮನೆಯವರು ನಾಳೆ ಬದನವಾಳು ಕಡೆ ಬೇರೆ ಹೆಣ್ಣು ನೋಡಲು ಹೊರಡುವವರಿದ್ದರು.

ಕೀಬೋರ್ಡಿನ ಮುಂದೆ ಕೂತವಳು ಗಂಗಾಧರಸ್ವಾಮಿಯವರ ಮಗಳು ನಂದಿತಾ. ನಂಜನಗೂಡಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದವಳು. ಮೌಸ್ ಹಿಡಿಯುವ ಹಕ್ಕು ಅವಳದೇ. ಪುಟ್ಟ ಆಳು, ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮೊದಲ ಸಲ ವರನ ಕೂದಲು ಕಂಡಾಗ ಮುಂದಕ್ಕೆ ಬಾಗಿದ್ದಳು. ಹಿಂದಿನ ಹಳದಿ ಗೋಡೆ ಕಂಡದ್ದೇ ನೆಟ್ಟಗಾದಳು. ಆಮೇಲೆ ಅಪ್ಪನ ಕಡೆ ತಿರುಗಲಿಲ್ಲ. ಬಲಗೈ ಮೌಸಿನ ಮೇಲೆ. ಕರ್ಚೀಫು ಹಿಡಿದ ಎಡಗೈ ಕೀಬೋರ್ಡಿನ ಮೂಲೆಯಲ್ಲಿ.

ನಾಚಿಕೆ, ಎಂದುಕೊಂಡ ನಂಜುಂಡೇಶ್.

ಅಜ್ಜಿ ಗುರುಬಸಮ್ಮ ಮಾತ್ರ ಬಂದಷ್ಟು ಮುಖವನ್ನೇ ಪರೀಕ್ಷೆ ಮಾಡುತ್ತಿದ್ದರು. "ಇಬೂತಿ ಮೂರು ಗೆರೆನೂ ಸಮ್ವಾಗೈತೆ. ಅವಸರದೋನಲ್ಲ." ಕಣ್ಣು ಕಿರಿದು ಮಾಡಿದರು. "ಅದ್ಯಾಕ್ಲಾ ಗಂಗಾ, ಒಂದ್ ಮಗ್ಗುಲಿಗೆ ನಿಂತವ್ನೆ? ಈ ಕಡೆ ಬರೀ ಗ್ವಾಡೆ."

"ವಿನಯ ಕಣವ್ವ. ಇನ್ನೊಬ್ರಿಗೆ ಜಾಗ ಬಿಟ್ಟು ನಿಂತಿದಾನೆ."

ನಂದಿತಾಗೆ ಕೆಮ್ಮು ಬಂತು.

"ಬೇಗ ಬರೋ ಹಾಗೆ ಮಾಡ್ತೀನಿ, ಸ್ವಲ್ಪ ತಾಳಿ ಯಜಮಾನ್ರೇ," ಎಂದು ನಂಜುಂಡೇಶ್ ಬ್ರೌಸರಿಗೇ ಕೈಹಾಕಿದ. ಅದರ ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ಹಳೆಯ ಪುಟಗಳನ್ನೆಲ್ಲ ಅಳಿಸಿದ. ತೆರೆದಿದ್ದ ಬೇರೆ ಪುಟಗಳನ್ನು ಮುಚ್ಚಿದ. ಅಂಚಿನಲ್ಲಿ ಕುಣಿಯುತ್ತಿದ್ದ ಜಾಹೀರಾತನ್ನು ನಿಲ್ಲಿಸಲು ಕೀಬೋರ್ಡಿನ ಎಡಮೂಲೆಯ ಎಸ್ಕೇಪ್ ಕೀ ಒತ್ತಬೇಕಿತ್ತು. ನಂದಿತಾ ಕೈ ಸರಿಸಿ ದಾರಿ ಬಿಟ್ಟಳು. ಅವನು ಒತ್ತಿದ ಮೇಲೆ ಕರ್ಚೀಫು ಮತ್ತೆ ಅಲ್ಲೇ ಬಂದು ಕೂತಿತು. ಪಕ್ಕದಲ್ಲಿ ಚಾಟ್ ಮಾಡುತ್ತಿದ್ದ ಇಬ್ಬರನ್ನು ಟೀ ಕುಡಿದು ಬನ್ನಿ ಎಂದು ಎಬ್ಬಿಸಿದ. ಅದೇ ಲೈನಿನ ಇನ್ನೊಂದು ಫೋನು ಒಳಮನೆಯಲ್ಲಿತ್ತು. ಅದನ್ನು ಎತ್ತದ ಹಾಗೆ ತನ್ನ ದೊಡ್ಡಮ್ಮನಿಗೆ ಕೈಮುಗಿದು ಬಂದ.

"ಇಷ್ಟೆಲ್ಲ ಯಾಕೆ ಸಾರ್, ಇದ್ದಂಗೇ ಇರ್ಲಿ ಬಿಡಿ," ಎಂದಳು ನಂದಿತಾ.

"ನೀನ್ ಸುಮ್ಕಿರವ್ವ. ನಿನ್ ಬಾಳಿನ್ ಪ್ರಶ್ನೆ," ಎಂದರು ಅಜ್ಜಿ.

"ಅದಕ್ಕೇ ಅಜ್ಜಿ."

ಮೂರನೆಯ ಸಲ ಚಿತ್ರ ಓಡಿಯೇ ಬಂತು. ಹಿಂದೆ ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ಹಿಡಿದದ್ದು ಈಗ ಒಂದು ಗುಟುಕಿನಲ್ಲಿ ಆಯಿತು. ಕೂದಲು, ವಿಭೂತಿ, ಹುಬ್ಬು, ಕಣ್ಣು. ಮೂಗಿನ ತುದಿ.

ನಿಂತಿತು.

ನಂಜುಂಡೇಶ್ ಪರದೆಯನ್ನೇ ನೋಡಿದ. ಲೈನಿನ ದೋಷವಾದರೆ ಎಲ್ಲೆಂದರಲ್ಲಿ ನಿಲ್ಲಬೇಕು. ನಿಧಾನ ಬಂದರೂ ಮೂಗು, ಓಡಿ ಬಂದರೂ ಮೂಗು. ಯಾಕೆ?

ಗಂಗಾಧರಸ್ವಾಮಿ ಎದ್ದು ನಿಂತರು. "ಗೊತ್ತಾಯ್ತು. ಮೂಗಿನ ಕೆಳಗೇನೋ ಐಬಿದೆ. ಅವರೇ ಕತ್ತರಿಸಿ ಕಳಿಸಿದಾರೆ. ಈ ಸಂಬಂಧ ಬೇಡ. ನಡೀರಿ."

ಯಾರೂ ಏಳಲಿಲ್ಲ. ನಂದಿತಾಳ ಮುಖ ಬಿಳುಚಿಕೊಂಡಿತ್ತು.

"ಅಪ್ಪಾಜಿ, ನನಗೆ ಇಷ್ಟೇ ಸಾಕು."

"ಅರ್ಧ ಮುಖಾನಾ?"

ಅವಳು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನಿಮಗೆ ಮದುವೆಗೆ ಮುಂಚೆ ತಾತನ್ನ ಎಷ್ಟು ತೋರಿಸಿದ್ರು?"

ಗುರುಬಸಮ್ಮ ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಕ್ಕರು. "ಕಾಲಿನ್ ಎಬ್ಬೆಟ್ಟು ಕಂಡಿತ್ತು ಕಣವ್ವ, ಬಾಗ್ಲಸಂದೀಲಿ. ಅದನ್ನೇ ನಂಬ್ಕೊಂಡು ಬಂದು ಬಾಳಾಟ ಮಾಡ್ದೆ." ಮಗನ ಕಡೆ ನೋಡಿದರು. "ಇವ್ನು ಮೂಗ್ಗಂಟ ಬಂದವ್ನಲ್ಲ, ಇನ್ನೇನ್ಲಾ ಬೇಕು ನಿಂಗೆ? ಊ ಅನ್ನು."

ತಾಯಿಯ ಮಾತು ಮೀರಿ ಅಭ್ಯಾಸವಿರಲಿಲ್ಲ. ಗಂಗಾಧರಸ್ವಾಮಿ ಅಲ್ಲಿಂದಲೇ ಬಿಳಿಗೆರೆಗೆ ಫೋನ್ ಮಾಡಿ ಹೂಂ ಎಂದರು. ಹೊರಡುವಾಗ ನಂಜುಂಡೇಶ್ ಕಡೆ ತಿರುಗಿ, "ನಿಮ್ಮ ಅಂಗಡಿಗೆ ಇನ್ನೊಂದ್ಸಲ ಕಾಲಿಡಲ್ಲ ಕಣ್ರೀ," ಎಂದರು. ನಂದಿತಾ ಮಾತ್ರ ಬಾಗಿಲಲ್ಲಿ ನಿಂತು, "ಥ್ಯಾಂಕ್ಸ್ ಸಾರ್, ಪಾಪ ಬಹಳ ಕಷ್ಟಪಟ್ರಿ," ಎಂದಳು.

ನಂಜುಂಡೇಶನಿಗೆ ಸಮಾಧಾನವಾಗಲಿಲ್ಲ. ಮತ್ತೆ ನೆಟ್ ಹಚ್ಚಿದ. ಮುಚ್ಚದೆ ಬಿಟ್ಟಿದ್ದ ಆ ಇ-ಮೇಲಿನಲ್ಲಿ ಫೋಟೋದ ಮೇಲೆ ಒತ್ತಿದ. ಕುರ್ಚಿ ಖಾಲಿ, ಬರುತ್ತಿರುವುದನ್ನೆಲ್ಲ ತಡೆದು ನಿಲ್ಲಿಸುವ ಎಸ್ಕೇಪ್ ಕೀಯ ಮೇಲೆ ಮರೆತುಹೋದ ಕರ್ಚೀಫು. ಅದನ್ನೆತ್ತಿ ಪಕ್ಕಕ್ಕಿಟ್ಟ. ಕೂದಲು, ವಿಭೂತಿ, ಕಣ್ಣು, ಮೂಗು. ನಿಲ್ಲಲಿಲ್ಲ. ಮೀಸೆ, ತುಟಿ, ಗಲ್ಲ. ಐಬೇನೂ ಇರಲಿಲ್ಲ.

ಗಲ್ಲದ ಮಟ್ಟಕ್ಕೆ ಇಳಿದಾಗ, ಬರೀ ಗೋಡೆಯಿದ್ದ ಕಡೆ ಮಲ್ಲಿಗೆ ಮುಡಿದ ಒಂದು ತಲೆ ಮೂಡಿತು. ಇನ್ನು ನಾಲ್ಕು ಗೆರೆ ಇಳಿಯುವಷ್ಟರಲ್ಲಿ, ಮದನನ ತೋಳಿಗೆ ಒರಗಿ ನಂದಿತಾ ನಗುತ್ತಿದ್ದಳು.