ಹೆಸರೆತ್ತದ ಮನೆ

“ಅಕ್ಕಾರ, ನಮ್ಮವಗ ಒಂದಿನ, ಬರೇ ಒಂದ ದಿನ ಕುಡ್ಯಾಕ ಬಿಡ್ರಿ. ನೀವ ಹೇಳಿದ್ರ ಕುಡಿತಾನ್ರಿ.”

ಜಿನಮತಿ ಸೀತವ್ವನ ಮುಖವನ್ನೇ ನೋಡಿದಳು. ನಿಪ್ಪಾಣಿಯ ವ್ಯಸನಮುಕ್ತಿ ಕೇಂದ್ರದಿಂದ ಸದಲಗಾದ ಹೊರಗಿನ ಈ ಬೇಡರ ಓಣಿಗೆ ವಾರಕ್ಕೊಮ್ಮೆ ಬಂದು, ಮನೆಮನೆಯಲ್ಲಿ ಕೂತು ಕುಡಿಯುವವರ ಜೊತೆ ಮಾತಾಡುವುದು ಅವಳ ಕೆಲಸ. ಗಂಡನ ಕುಡಿತ ಬಿಡಿಸಿ ಎಂದು ಕಾಲು ಹಿಡಿದವರನ್ನು ಕಂಡಿದ್ದಳು. ಕುಡಿಸಿ ಎಂದು ಕೈ ಹಿಡಿದವಳು ಇವಳೊಬ್ಬಳೇ. ಅದೂ ಲಗಮಪ್ಪನ ಹೆಂಡತಿ! ಓಣಿಯಲ್ಲಿ ಯಾರಿಗೆ ಬುದ್ಧಿ ಹೇಳಬೇಕಾದರೂ ಜಿನಮತಿ ಬೆರಳು ಮಾಡಿ ತೋರಿಸುತ್ತಿದ್ದುದು ಕುಡಿತ ಬಿಟ್ಟ ಲಗಮಪ್ಪನನ್ನೇ.

ಪಕ್ಕದ ಮನೆಯ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ತುಳಸವ್ವ ನಕ್ಕಳು. “ಗಂಡ ಕುಡದ್ರೂ ಇಕೀಗಿ ತ್ರಾಸ, ಬಿಟ್ರೂ ತ್ರಾಸ. ಅಕ್ಕಾರ, ಅವನ್ನ ಬಿಟ್ಟ ಇಕೀಗೇ ಔಷಧ ಕೊಡ್ರಿ.”

“ನೀ ಸುಮ್ಮನಿರ ಬೇ ಅತ್ತಿ,” ಎಂದು ಸೀತವ್ವ ಜಿನಮತಿಯನ್ನು ಗೋಡೆಯ ಮರೆಗೆ ಕರೆದೊಯ್ದಳು.

“ಮತ್ತ ಬಡಿಯಾಕತ್ತಾನೇನವಾ?”

“ಇಲ್ರಿ, ಕೈ ಸುದ್ದಾ ಎತ್ತಿಲ್ರಿ. ಮುಂಜಾನೆ ಕಬ್ಬ ಕಡ್ಯಾಕ ಹೊಕ್ಕಾನ, ಸಂಜಿಕ ಬರ್ತಾನ, ಹಾಕಿದ್ದ ಉಣತಾನ. ಮಾತಿಲ್ಲ, ಕತಿಯಿಲ್ಲ. ಮೊದಲ ಕುಡದ ಬಂದಾಗ ಬಡಿತಿದ್ದ. ಬಡದ ಮ್ಯಾಲ ಹೊಸ್ತಲಕ್ಕ ತೆಲಿ ಇಟ್ಟ ಅಳತಿದ್ದ. ನನ್ನ ಪೂನಮ ಹಿಂಗ ನಗತಿದ್ಲು, ಹಂಗ ಸಿಟ್ಟ ಮಾಡತಿದ್ಲು ಅಂತ ತಾಸಗಟ್ಟಲೆ ಹೇಳಾಂವ. ಅದನ್ನ ಕೇಳಾಕಂತನ ನಾ ಬಡಿಸಿಕೊಂಡ ಕುಂಡ್ರತಿದ್ನಿ ರೀ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಈಗ ಈ ಮನ್ಯಾಗ ನನ್ನ ಮಗಳ ಹೆಸರ ತಗಿಯಾವ್ರ ಒಬ್ರೂ ಇಲ್ರಿ.”

“ನೀನರ ತಗೀಬೇಕಿಲ್ಲೋ, ಸೀತವ್ವ?”

“ನೀವ ಬ್ಯಾಡ ಅಂದಿದ್ರೆಲ್ರಿ.”

ಹೌದು, ಅಂದಿದ್ದಳು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡಿ, ಒಂದು ಜಲ್ಲೆ ಎಳೆಯಲು ಹೋಗಿ ಗಾಲಿಗೆ ಸಿಕ್ಕಿ ಸತ್ತ ಹುಡುಗಿ ಪೂನಮ. ಆಮೇಲೆಯೇ ಲಗಮಪ್ಪನ ಕುಡಿತ ಮೇರೆ ಮೀರಿದ್ದು. ಮೊದಲ ಸಲ ಬಂದಾಗ ಜಿನಮತಿ, “ಅವನ ಮುಂದ ಮಗಳ ಮಾತ ತಗೀಬ್ಯಾಡ. ನೆನಪಾತಂದ್ರ ಕಾಲ ಅಂಗಡಿ ಕಡೆ ಎಳೀತಾವ,” ಎಂದು ಸೀತವ್ವನಿಗೆ ಹೇಳಿದ್ದಳು. ಮೊದಮೊದಲ ಕಷ್ಟದ ದಿನಗಳಿಗೆಂದು ಹೇಳುವ ಮಾತು ಅದು. ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ. ಸಾಕು, ಇನ್ನು ಮಾತಾಡಿಕೊಳ್ಳಿ ಎಂದು ಹೇಳುವುದನ್ನು ಮರೆತೇ ಬಿಟ್ಟಿದ್ದಳು.

ಒಳಗೆ ಲಗಮಪ್ಪ ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತ ಕೂತಿದ್ದ. ಜಿನಮತಿ ಅವನೆದುರಿಗೆ ನೆಲದ ಮೇಲೆಯೇ ಕುಳಿತಳು.

“ಲಗಮಪ್ಪ, ಪೂನಮನ್ನ ನಾ ನೋಡೇ ಇಲ್ಲ. ಹೆಂಗಿದ್ಲು?”

ಮಸೆಯುವ ಸದ್ದು ನಿಂತಿತು. ಅವನು ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ಅಂಜುತ್ತ ನೋಡಿದ. “ಅಕೀ ಮುಂದ ಬ್ಯಾಡ್ರಿ ಅಕ್ಕಾರ. ಅಕೀಗಿ ತಡಿಯಾಂಗಿಲ್ಲ. ಮಗಳ ಸುದ್ದಿ ಬಂತಂದ್ರ ಎದ್ದ ಹೊರಗ ಹೊಕ್ಕಾಳ. ಅದಕ ನಾ ಬಾಯಿ ಮುಚಗೊಂಡೀನಿ.”

“ನಾ ಎದ್ದ ಹೋಗಿದ್ದ ನಿನ್ನ ಸಲವಾಗಿ,” ಎಂದಳು ಸೀತವ್ವ.

“ನನ್ನ ಸಲವಾಗಿ?”

ಸೀತವ್ವ ಒಳಗೆ ಬಂದು ಕುಳಿತು, ಜಿನಮತಿಗೆ ಹೇಳುವಂತೆ ಶುರು ಮಾಡಿದಳು: “ಮ್ಯಾಲಿನ ಹಲ್ಲ ಬಿದ್ದಿತ್ರಿ ಅಕೀದು. ಎಡಕ. ಆ ಸಂದಿಯಿಂದ ಸೀಟಿ ಹೊಡಿತಿದ್ಲು.”

“ಎಡಕಲ್ಲ, ಬಲಕ,” ಎಂದ ಲಗಮಪ್ಪ.

“ಎಡಕ. ದಿನಾ ಮಾರಿ ತೊಳದಾಕಿ ನಾನು.”

“ದಿನಾ ಹೆಗಲ ಮ್ಯಾಲ ಹೊತ್ತಾಂವ ನಾನು. ಬಲಕ.”

“ಹೆಗಲ ಮ್ಯಾಲ ಕುಂತಾಕಿ ಹಲ್ಲ ನಿನಗೆಲ್ಲಿ ಕಾಣತಿದ್ದವು?”

ಲಗಮಪ್ಪನ ಮೀಸೆಯಡಿ ನಗುವಿನಂಥದ್ದು ಏನೋ ಅಲುಗಿತು. “ಹಂಗಾರ ಫೋಟೋ ತಾ. ನೋಡೇ ಬಿಡೂಣು.”

ಸೀತವ್ವ ಏಳಲಿಲ್ಲ. ಮೊಬೈಲಿನಲ್ಲಿದ್ದ ಫೋಟೋಗಳು ಮೊಬೈಲಿನ ಜೊತೆಯೇ ಎಂದೋ ಲಗಮಪ್ಪನ ಕುಡಿತಕ್ಕೆ ಹೋಗಿದ್ದವು. ಉಳಿದದ್ದು ಶಾಲೆಗೆಂದು ತೆಗೆಸಿದ್ದ ಒಂದೇ ಒಂದು. ಅವಳ ಕಣ್ಣು ಜಿನಮತಿಯ ಕಡೆ ಹೊರಳಿ ಮತ್ತೆ ನೆಲಕ್ಕಿಳಿಯಿತು.

“ಹೊಳಿಗೆ ಬಿಟ್ನಿ,” ಎಂದಳು. “ಫೋಟೋ, ಅಂಗಿ, ಪಾಟಿಚೀಲ, ಎಲ್ಲಾ. ನಿನ್ನ ಕಣ್ಣಿಗೆ ಬೀಳಬಾರದಂತ. ಅಕ್ಕಾರ ಅಷ್ಟ ಹೇಳಿದ ಮ್ಯಾಲ ಮನ್ಯಾಗ ಹೆಂಗ ಇಟಗೊಳ್ಳಲಿ?”

ಹೊಳೆಗೆ ಬಿಡು ಎಂದು ತಾನು ಹೇಳಿರಲಿಲ್ಲ ಎಂದು ಜಿನಮತಿ ಹೇಳಬಹುದಿತ್ತು, ಅದು ಸತ್ಯವೂ ಆಗಿತ್ತು. ಆದರೆ ಆ ಸತ್ಯವನ್ನು ಇವಳ ಮುಂದೆ ಇಡುವುದಾದರೂ ಹೇಗೆ? ಲಗಮಪ್ಪ ಎದ್ದು ಹೊರಟಾನು, ನೇರ ಸಾರಾಯಿ ಅಂಗಡಿಗೇ ಹೋದಾನು ಎಂದು ಅವಳು ಬಾಗಿಲ ಕಡೆ ಸರಿದು ಕೂತಳು.

ಲಗಮಪ್ಪ ಕೊಯ್ತಾವನ್ನು ಪಕ್ಕಕ್ಕಿಟ್ಟ. ಆಮೇಲೆ ಬಾಯಿ ತೆರೆದು, ತನ್ನದೇ ಮೇಲಿನ ಹಲ್ಲಿನ ಮೇಲೆ ಬೆರಳಿಟ್ಟು ಹೆಂಡತಿಯ ಕಡೆ ತಿರುಗಿದ.

“ಇಲ್ಲೇನ?”

ಸೀತವ್ವ ಮೊಣಕಾಲ ಮೇಲೆ ಅವನ ಹತ್ತಿರ ಸರಿದಳು. ಅವನ ಮಣಿಕಟ್ಟು ಹಿಡಿದು, ಬೆರಳನ್ನು ಮೆಲ್ಲಗೆ ಆಚೆ ಬದಿಗೆ ಸರಿಸಿದಳು.

“ಇಲ್ಲಿ.”

ಬೆರಳು ಅಲ್ಲೇ ಇತ್ತು. ಅವಳೂ ಕೈ ಬಿಡಲಿಲ್ಲ.